ಖ್ಮೇರ್ ಇಟ್ಟಿಗೆ ಶಿಖರ: ರಿಪೇರಿ ತಲೆಯಿಂದಲೇ ಶುರು

ಕಾಂಬೋಡಿಯಾದಲ್ಲಿ ಖ್ಮೇರ್ ಜನ ಕಟ್ಟಿದ ಇಟ್ಟಿಗೆ ದೇಗುಲಗಳು, ಸಂಬೋರ್ ಪ್ರೈ ಕುಕ್‌ನಲ್ಲಿರುವ ಏಳನೇ ಶತಮಾನದ ಶಿಖರಗಳಾಗಲಿ, 893ರ ಲೋಲೈ ದೇಗುಲವಾಗಲಿ, ಹಾಳಾಗುವುದು ಮೇಲಿನಿಂದ. ಒಳಗೆ ನಿಜವಾದ ಕಮಾನಿಲ್ಲ. ಪ್ರತಿ ವರಸೆ ಇಟ್ಟಿಗೆ ಕೆಳಗಿನದಕ್ಕಿಂತ ಸ್ವಲ್ಪ ಒಳಕ್ಕೆ ಚಾಚಿ ತುದಿಯಲ್ಲಿ ಕೂಡಿಕೊಳ್ಳುತ್ತದೆ. ತುದಿ ಬಿದ್ದರೆ ಮಳೆನೀರು ನೇರ ಗೋಡೆಯ ಹೊಟ್ಟೆಗೆ ಇಳಿಯುತ್ತದೆ. ಹಕ್ಕಿ ಹಾಕಿದ ಆಲ, ಅರಳಿ ಬೀಜವೂ ಅಲ್ಲೇ ಬೇರು ಬಿಡುತ್ತದೆ. ಬುಡ ಸವೆದಿದ್ದರೆ ಮೊದಲು ಆಸರೆ ಕಂಬ ಕೊಡುತ್ತೇವೆ, ಆದರೆ ರಿಪೇರಿ ಮೇಲಿನಿಂದ ಕೆಳಕ್ಕೇ. ಸಾರ್ವೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಗೋಡೆಗೆ ಕಟ್ಟುವಂತಿಲ್ಲ. ಸಂಬೋರ್‌ನಲ್ಲಿ 1970ರ ದಶಕದ ಬಾಂಬ್ ಗುಂಡಿಗಳು ಈಗಲೂ ಕಾಣುತ್ತವೆ. ಸ್ಫೋಟಕ ತಪಾಸಣೆ ಮುಗಿಯದೆ ಕಂಬದ ಗುಂಡಿಗೂ ಗುದ್ದಲಿ ಹಾಕಬಾರದು.

ಗಿಡವನ್ನು ಎಂದೂ ಎಳೆಯುವುದಿಲ್ಲ. ಬೆರಳು ದಪ್ಪದ ಬೇರು ಬಂದರೂ ಜೊತೆಗೆ ನಾಲ್ಕಾರು ಇಟ್ಟಿಗೆ ಬರುತ್ತವೆ. ಕಾಂಡವನ್ನು ಗೋಡೆಯ ಮಟ್ಟಕ್ಕೆ ಗರಗಸದಿಂದ ಕೊಯ್ದು, ಕೂಡಲೇ ಕೊಯ್ದ ಮುಖಕ್ಕೆ ಮಾತ್ರ ಕುಂಚದಲ್ಲಿ ಗ್ಲೈಫೋಸೇಟ್ ಕಳೆನಾಶಕ ಹಚ್ಚುತ್ತೇವೆ. ತಡಮಾಡಿದರೆ ಹಾಲು ಒಸರಿ ಗಾಯ ಮುಚ್ಚಿ, ಮದ್ದು ಒಳಕ್ಕೆ ಹೋಗುವುದಿಲ್ಲ. ಬೇರು ಸತ್ತು ಒಣಗಿದ ಮೇಲೆ ಹೊರಗಿನದನ್ನಷ್ಟೇ ತುಂಡುತುಂಡಾಗಿ ತೆಗೆಯುತ್ತೇವೆ. ಒಳಗುಳಿದದ್ದು ಕೊಳೆತು ಪೊಳ್ಳಾಗುತ್ತದೆ, ಆ ಪೊಳ್ಳನ್ನು ತುಂಬಲೇಬೇಕು. ಅಂಕೋರ್‌ನ ತಾ ಪ್ರೋಮ್ ದೇಗುಲದ ಲೆಕ್ಕ ಬೇರೆ: ಅಲ್ಲಿ ಮರಗಳನ್ನು ಉಳಿಸಿಕೊಂಡೇ ಭಾರತೀಯ ಪುರಾತತ್ವ ಇಲಾಖೆ ಕೆಲಸ ಮಾಡಿದೆ. ಕಟ್ಟಡವನ್ನು ತಬ್ಬಿ ನಿಂತಿರುವ ಟೆಟ್ರಾಮೆಲಿಸ್ ಮರ ನಮ್ಮ ಪಶ್ಚಿಮ ಘಟ್ಟದ್ದೂ ಹೌದು.

ಬಿರುಕಿನ ಮೇಲೆ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದು, ಒಂದು ಬೇಸಿಗೆ ಒಂದು ಮಳೆಗಾಲ ನೋಡುತ್ತೇವೆ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಆಗ ಗ್ರೌಟ್ (ಬಿರುಕಿಗೆ ಹರಿಸುವ ತೆಳು ಗಾರೆ) ತುಂಬಿ ಪ್ರಯೋಜನವಿಲ್ಲ, ಮೊದಲು ಕಾರಣ ಹುಡುಕಬೇಕು. ಗಾಜು ಒಡೆಯದೆ ಉಳಿದಿದ್ದರೆ ನವೆಂಬರ್‌ನಿಂದ ಏಪ್ರಿಲ್ ಒಳಗೆ ತುಂಬುವ ಕೆಲಸ.

ಹೊರಗಿನ ಸಂದುಗಳನ್ನು ಸುಣ್ಣದ ಗಾರೆಯಿಂದ ಮುಚ್ಚಿ, ಸುಮಾರು 40 ಸೆಂ.ಮೀ.ಗೊಂದರಂತೆ ಸಂದಿನಲ್ಲೇ ನಳಿಕೆ ಕೂರಿಸುತ್ತೇವೆ, ಇಟ್ಟಿಗೆ ಕೊರೆಯುವುದಿಲ್ಲ. ನೀರು ಬಿಟ್ಟು ಒಳಗಿನ ಧೂಳು ತೊಳೆಯಬೇಕು. ಇಲ್ಲದಿದ್ದರೆ ಒಣ ಇಟ್ಟಿಗೆ ಗ್ರೌಟಿನ ನೀರು ಹೀರಿ ನಳಿಕೆಯ ಬಾಯಲ್ಲೇ ಕಟ್ಟಿಕೊಳ್ಳುತ್ತದೆ. ಗ್ರೌಟಿಗೆ ಹೈಡ್ರಾಲಿಕ್ ಸುಣ್ಣ (ನೀರಲ್ಲೂ ಗಟ್ಟಿಯಾಗುವಂಥದ್ದು) ಎರಡು ಪಾಲು, ನುಣ್ಣಗೆ ಜರಡಿ ಹಿಡಿದ ಸುರ್ಕಿ (ಇಟ್ಟಿಗೆ ಪುಡಿ) ಒಂದು ಪಾಲು. ಪಂಪ್ ಬೇಡ, ಎತ್ತರದಲ್ಲಿಟ್ಟ ಬಕೆಟ್ಟಿನ ಒತ್ತಡ ಸಾಕು. ತುಂಬುವುದು ಮಾತ್ರ ಕೆಳಗಿನ ನಳಿಕೆಯಿಂದ ಮೇಲಕ್ಕೆ, ದಿನಕ್ಕೆ ಅರ್ಧ ಮೀಟರ್. ಅವಸರ ಮಾಡಿದರೆ ಹಸಿ ಗ್ರೌಟಿನ ಭಾರಕ್ಕೆ ಹೊರಮೈ ಉಬ್ಬುತ್ತದೆ. ಸಿಮೆಂಟಂತೂ ಬೇಡವೇ ಬೇಡ. ಅದು ಸಂದನ್ನು ಬಿಗಿದಾಗ ತೇವವೆಲ್ಲ ಇಟ್ಟಿಗೆಯ ಮೂಲಕವೇ ಆರಬೇಕಾಗಿ, ಉಪ್ಪು ಹೊರಬಂದು ಕೆತ್ತನೆಯ ಮುಖ ಪದರಪದರವಾಗಿ ಉದುರುತ್ತದೆ.

ಹೊಸ ಇಟ್ಟಿಗೆ ಹಳೆಯದಕ್ಕಿಂತ ಗಟ್ಟಿಯಿರಬಾರದು. ಎರಡನ್ನೂ 24 ಗಂಟೆ ನೀರಲ್ಲಿಟ್ಟು ತೂಗಿ, ನೀರು ಹೀರುವ ಪ್ರಮಾಣ ಹತ್ತಿರವಿದ್ದರಷ್ಟೇ ತೆಗೆದುಕೊಳ್ಳುತ್ತೇವೆ. ಮೂಲ ಸಂದು ಕೂದಲೆಳೆಯಷ್ಟು ತೆಳು, ಆದ್ದರಿಂದ ಇಟ್ಟಿಗೆಗಳನ್ನು ಒಂದಕ್ಕೊಂದು ಉಜ್ಜಿ ಕೂರಿಸಬೇಕು. ಗುರುತು ಹಾಕುವುದು ಕಡ್ಡಾಯ: 921ರ ಪ್ರಾಸಾತ್ ಕ್ರವಾನ್ ದೇಗುಲದಲ್ಲಿ 1960ರ ದಶಕದಲ್ಲಿ ಇಟ್ಟ ಹೊಸ ಇಟ್ಟಿಗೆಗಳ ಮೇಲಿರುವ ‘ಸಿಎ’ (ಅಂಕೋರ್ ಸಂರಕ್ಷಣಾ ಕಚೇರಿಯ ಫ್ರೆಂಚ್ ಹೆಸರಿನ ಮೊದಲಕ್ಷರಗಳು) ಮುದ್ರೆ ಇಂದಿಗೂ ಓದಲು ಸಿಗುತ್ತದೆ.

ಮುರಿದ ತುದಿಯನ್ನು ಊಹೆಯಿಂದ ಕಟ್ಟುವುದಿಲ್ಲ. ಸುಣ್ಣ-ಸುರ್ಕಿಯ ಗಾರೆಯನ್ನು ಹೊರಕ್ಕೆ ಇಳಿಜಾರಾಗಿ ಹಾಕಿ ಒಂದು ವಾರ ಒದ್ದೆ ಗೋಣಿ ಹೊದಿಸುತ್ತೇವೆ. ಈ ಪದರ ಸವೆಯಲೆಂದೇ ಇರುವುದು. ಪ್ರತಿ ಮಳೆಗಾಲದ ನಂತರ ಏಣಿ ಹತ್ತಿ ಬಿರುಕು ಬಿಟ್ಟಲ್ಲಿ ತೇಪೆ ಹಾಕಿ, ಎರಡೆಲೆ ಮೊಳಕೆಯನ್ನು ಬೆರಳಲ್ಲೇ ಚಿವುಟಬೇಕು.