ಮಾತೆಲ್ಲ ಹಾಡೇ ಆಗಿರುವ ಸಿನಿಮಾ ಮೊದಲ ಸಲ ನೋಡುವವರಿಗೆ

ಶಿರಸಿಯಲ್ಲಿ ಮಳೆ ಬಿಡುತ್ತಿಲ್ಲ, ಕರೆಂಟಿದ್ದಾಗ ಸಿನಿಮಾ ನೋಡೋಣ ಅನ್ನುವವರಿಗೆ ಒಂದು ಸಲಹೆ. 2012ರ 'ಲೆ ಮಿಸರಾಬ್ಲ್' ರಂಗದ ಮೇಲಿನ ಸಂಗೀತ ನಾಟಕವನ್ನೇ ಸಿನಿಮಾ ಮಾಡಿದ್ದು. ನಡುನಡುವೆ ಹಾಡಲ್ಲ, ಹೆಚ್ಚುಕಡಿಮೆ ಎಲ್ಲ ಮಾತೂ ಹಾಡೇ. ನಮ್ಮತ್ತೆ ಹತ್ತು ನಿಮಿಷ ನೋಡಿ, "ಇವರು ಮಾತಾಡೋದು ಯಾವಾಗ?" ಅಂತ ಕೇಳಿದರು.

ಯಕ್ಷಗಾನದಲ್ಲಿ ಭಾಗವತರ ಪದ್ಯ ತಪ್ಪಿದರೂ ಪಾತ್ರಧಾರಿ ಅರ್ಥ ಹೇಳುತ್ತಾನೆ, ಕಥೆ ಸಿಗುತ್ತದೆ. ಇಲ್ಲಿ ಅರ್ಥ ಹೇಳುವವರಿಲ್ಲ. ಪದ್ಯ ತಪ್ಪಿತೋ, ಕಥೆಯೂ ತಪ್ಪಿತು. ಇಂಗ್ಲಿಷ್ ಚೆನ್ನಾಗಿ ಬಂದರೂ ಸಬ್‌ಟೈಟಲ್ ಹಾಕಿಕೊಳ್ಳಿ. ಹಂಚಿನ ಮೇಲೆ ಮಳೆ ಹೊಡೆಯುವಾಗ ಮೊಬೈಲ್ ಸ್ಪೀಕರ್ ಸುಮ್ನೆ ದಂಡ, ಇಯರ್‌ಫೋನ್ ಇರಲಿ.

ಪ್ರಸಂಗ ಮೊದಲೇ ಗೊತ್ತಿದ್ದರೆ ಆಟ ಜಾಸ್ತಿ ರುಚಿಸುತ್ತದೆ, ಅಲ್ವಾ? ಇದೂ ಹಾಗೇ. ಬ್ರೆಡ್ ಕದ್ದು, ಜೈಲಿಂದ ಓಡಲು ನೋಡಿ, ಒಟ್ಟು 19 ವರ್ಷ ಒಳಗೇ ಕಳೆದವನು. ಅವನ ಬೆನ್ನು ಬಿಡದ ಪೊಲೀಸ್. ಇಷ್ಟು ಗೊತ್ತಿದ್ದರೆ ಸಾಕು.

ಇನ್ನೊಂದು, ನಟರು ಕ್ಯಾಮೆರಾ ಮುಂದೆಯೇ ಹಾಡಿದ್ದಾರೆ, ಬರೀ ತುಟಿ ಅಲ್ಲಾಡಿಸಿದ್ದಲ್ಲ. ದನಿ ನಡುಗಿದರೆ, ಉಸಿರು ಕಟ್ಟಿದರೆ ತಪ್ಪು ಅಂದುಕೊಳ್ಳಬೇಡಿ. ನನಗಂತೂ ಅದೇ ಹಿಡಿಸಿತು. ಎರಡೂವರೆ ಗಂಟೆ ದಾಟುತ್ತದೆ. ನಡುವೆ ಕಷಾಯಕ್ಕೆ ಏಳುವುದಾದರೆ ನಿಲ್ಲಿಸಿಯೇ ಏಳಿ.