ಮನೆಯ ಅಭ್ಯಾಸಕ್ಕೆ ಮಾಡೆಲಿಂಗ್ ಆಂಪ್ ಆರಿಸಿದ ಬಗೆ: ನನ್ನ ಅನುಭವ

ಮನೆಯಲ್ಲಿ ನುಡಿಸಲು ಎಲೆಕ್ಟ್ರಿಕ್ ಗಿಟಾರ್ ಆಂಪ್ (ಆಂಪ್ಲಿಫೈಯರ್) ಹುಡುಕುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಎಷ್ಟು ವ್ಯಾಟ್ ಎಂದು, ಆಮೇಲೆ ಒಳಗೆ ಎಷ್ಟು ಆಂಪ್ ಮಾದರಿಗಳಿವೆ ಎಂದು. ಬೇರೆ ಬೇರೆ ಆಂಪ್‌ಗಳ ದನಿಯನ್ನು ಅನುಕರಿಸುವ, ಕೈಗೆಟಕುವ ಬೆಲೆಯ ಡಿಜಿಟಲ್ ಮಾಡೆಲಿಂಗ್ ಆಂಪ್ ಒಂದನ್ನು ನನಗಾಗಿ ಆರಿಸಿಕೊಳ್ಳುವಾಗ ನಾನು ಈ ಎರಡೂ ಪ್ರಶ್ನೆಗಳನ್ನು ಕಟ್ಟಕಡೆಗೆ ಇಟ್ಟುಕೊಂಡೆ. ನನಗೆ ಮುಖ್ಯವಾಗಿದ್ದದ್ದು ಬೇರೆ: ಪಕ್ಕದ ಕೋಣೆಯಲ್ಲಿ ಮನೆಯವರು ಮಲಗಿರುವಾಗ, ಮಾತಿನ ಮಟ್ಟಕ್ಕಿಂತ ತುಸುವೇ ಮೇಲಿರುವ ಸದ್ದಿನಲ್ಲಿ, ರಿವರ್ಬ್ (ಅನುರಣನ) ಮತ್ತು ಡಿಲೇ (ಪ್ರತಿಧ್ವನಿ) ಎಫೆಕ್ಟ್‌ಗಳ ಆಸರೆಯಿಲ್ಲದೆ, ಈ ಪೆಟ್ಟಿಗೆ ನನ್ನ ಬಲಗೈ ಹೇಳಿದ ಮಾತು ಕೇಳುತ್ತದೆಯೇ ಎಂಬುದು. ಅಷ್ಟನ್ನು ಮಾಡುವ ಆಂಪ್ ಇದ್ದರೆ ಗಿಟಾರ್ ದಿನವೂ ಕೈಗೆ ಬರುತ್ತದೆ. ಮಾಡದಿದ್ದರೆ ಅದರಲ್ಲಿ ನೂರು ಮಾದರಿಗಳಿದ್ದರೂ ಸ್ವಲ್ಪ ದಿನಕ್ಕೆ ಮೂಲೆ ಸೇರುತ್ತದೆ.

ಗಾಜಿನ ನಳಿಕೆಗಳಿಂದ ಕೆಲಸ ಮಾಡುವ ಹಳೆಯ ಬಗೆಯ ವಾಲ್ವ್ ಆಂಪ್‌ಗಳ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಅವುಗಳ ಸೊಗಸು ಪೂರ್ತಿ ಹೊರಬರುವುದು ವಾಲ್ವ್‌ಗಳನ್ನು ಚೆನ್ನಾಗಿ ದುಡಿಸಿದಾಗ, ಅಂದರೆ ಸದ್ದು ಏರಿಸಿದಾಗ. 1963ರಲ್ಲಿ ಬಂದ ಫೆಂಡರ್ ಟ್ವಿನ್ ರಿವರ್ಬ್ 85 ವ್ಯಾಟ್‌ನದು, ವಾಕ್ಸ್ ಎಸಿ30 ಅದರ ಹೆಸರೇ ಹೇಳುವಂತೆ 30 ವ್ಯಾಟ್‌ನದು. ವೇದಿಕೆಗೆಂದು ಹುಟ್ಟಿದ ಈ ಆಂಪ್‌ಗಳು ದನಿಯ ಅಂಚು ಒಡೆಯುವಷ್ಟು ಮೇಲಕ್ಕೆ ಹೋಗುವ ಹೊತ್ತಿಗೆ ಮಲಗುವ ಕೋಣೆಯಲ್ಲಿ ಯಾರೂ ಕೂರಲಾರರು. ಮಾಡೆಲಿಂಗ್ ಆಂಪ್ ಮಾಡುವ ಕೆಲಸವೆಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ನಿಂದ ಬಂದ ಸಂಕೇತವನ್ನು ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು ಅಂಕಿಗಳಾಗಿಸಿ, ಪ್ರೀ‌ಆಂಪ್‌ನ ವಾಲ್ವ್, ಟೋನ್ ನಾಬ್‌ಗಳ ಸರ್ಕಿಟ್, ಪವರ್ ಆಂಪ್, ಸ್ಪೀಕರ್ ಪೆಟ್ಟಿಗೆ ಇವೆಲ್ಲ ಆ ಸಂಕೇತವನ್ನು ಹೇಗೆ ಬಗ್ಗಿಸುತ್ತಿದ್ದವೋ ಅದನ್ನು ಲೆಕ್ಕ ಹಾಕಿ ಮತ್ತೆ ಸದ್ದಾಗಿಸುವುದು. ಹೀಗಾಗಿ ದುಡಿದ ವಾಲ್ವ್‌ನ ಗುಣವೂ ಕಿವಿಗೆ ಬೀಳುವ ಸದ್ದಿನ ಮಟ್ಟವೂ ಬೇರೆ ಬೇರೆಯಾಗುತ್ತವೆ. ಲೈನ್ 6 ಕಂಪನಿ 1996ರಲ್ಲಿ ಆಕ್ಸಿಸ್ 212 ಎಂಬ ಆಂಪ್‌ನೊಂದಿಗೆ ಇದನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಂದೀಚೆಗೆ ಪ್ರೊಸೆಸರ್‌ಗಳು ಅಗ್ಗವಾಗುತ್ತ ಬಂದು, ಇಂದು ಕಲಿಯುವವರ ಆಂಪ್‌ಗಳಲ್ಲೂ ಈ ತಂತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿದೆ.

ವ್ಯಾಟ್ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿಕೊಂಡರೆ ಮನಸ್ಸು ಹಗುರವಾಗುತ್ತದೆ. ಶಕ್ತಿ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ; ಕಿವಿಗೆ ಸದ್ದು ಎರಡರಷ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅದಕ್ಕೆ ಶಕ್ತಿ ಹತ್ತುಪಟ್ಟಾಗಬೇಕು. ಸಾಮಾನ್ಯವಾದ 12 ಇಂಚಿನ ಗಿಟಾರ್ ಸ್ಪೀಕರ್ ಒಂದು ವ್ಯಾಟ್‌ಗೇ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬೆಲ್ ಸದ್ದು ಕೊಡುತ್ತದೆ. ಎದುರು ಕೂತು ಮಾತಾಡುವ ಮಟ್ಟ 60ರ ಆಸುಪಾಸಿನದು. ರಾತ್ರಿ ನಾನು ನುಡಿಸುವ ಮಟ್ಟವನ್ನು 70 ಎಂದಿಟ್ಟುಕೊಂಡರೆ, ಆ ಸ್ಪೀಕರ್‌ಗೆ ಬೇಕಾದದ್ದು ಒಂದು ವ್ಯಾಟ್‌ನ ಐನೂರರಲ್ಲಿ ಒಂದು ಪಾಲು ಅಥವಾ ಇನ್ನೂ ಕಡಿಮೆ. ಆದ್ದರಿಂದ 20 ವ್ಯಾಟ್‌ನದೋ 50 ವ್ಯಾಟ್‌ನದೋ ಎಂಬ ಚರ್ಚೆಗೆ ಮನೆಯೊಳಗೆ ಅರ್ಥವಿಲ್ಲ. ಡ್ರಮ್ ಬಾರಿಸುವವರ ಜತೆ ನುಡಿಸುವ ಆಸೆಯಿದ್ದರೆ ಮಾತ್ರ ದೊಡ್ಡ ಅಂಕಿಯ ಕಡೆ ನೋಡಬೇಕು. ಮನೆಗಾಗಿ ನೋಡಬೇಕಾದದ್ದು ವಾಲ್ಯೂಮ್ ನಾಬ್‌ನ ಮೊದಲ ಕಾಲುಭಾಗವನ್ನು. ಕೆಲವು ಆಂಪ್‌ಗಳಲ್ಲಿ ನಾಬ್ ಕೂದಲೆಳೆಯಷ್ಟು ತಿರುಗಿದರೆ ಸದ್ದು ಮೌನದಿಂದ ನೇರ ಗದ್ದಲಕ್ಕೆ ಜಿಗಿಯುತ್ತದೆ. ಅಂಥದ್ದು ಎಷ್ಟೇ ಒಳ್ಳೆಯದಿದ್ದರೂ ನನಗೆ ಬೇಡವಾಗಿತ್ತು.

ಸ್ಪೀಕರ್ ವಿಷಯದಲ್ಲಿ ಎರಡು ದಾರಿಗಳಿವೆ. ಒಂದು, ಯಮಹಾ ಟಿಎಚ್‌ಆರ್10 ಅಥವಾ ಪಾಸಿಟಿವ್ ಗ್ರಿಡ್ ಸ್ಪಾರ್ಕ್ 40ರಂತೆ ಮೇಜಿನ ಮೇಲೆ ಕೂರುವ, ಎರಡು ಪುಟ್ಟ ಸ್ಪೀಕರ್‌ಗಳ ಸ್ಟೀರಿಯೋ ಪೆಟ್ಟಿಗೆ. ಇನ್ನೊಂದು, ಫೆಂಡರ್ ಮಸ್ಟಾಂಗ್ ಎಲ್‌ಟಿ25ರಂತೆ 8 ಇಂಚಿನ ಅಥವಾ ಬಾಸ್ ಕಟಾನಾ 50ರಂತೆ 12 ಇಂಚಿನ ಒಂದೇ ಸ್ಪೀಕರ್ ಇರುವ, ಹಳೆಯ ಆಂಪ್‌ಗಳ ಆಕಾರದ ಪೆಟ್ಟಿಗೆ. ಮೊದಲನೆಯದರಲ್ಲಿ ಮೊಬೈಲ್‌ನ ಹಾಡುಗಳೂ ಹಿತವಾಗಿ ಕೇಳುತ್ತವೆ, ರಿವರ್ಬ್ ಅಗಲವಾಗಿ ಹರಡುತ್ತದೆ, ಜಾಗ ಕಡಿಮೆ ಸಾಕು. ಆದರೆ ಗಿಟಾರ್‌ನ ದಪ್ಪ ತಂತಿಯ ಮೂಲ ಸ್ವರ ಸುಮಾರು 82 ಹರ್ಟ್ಸ್‌ನದು. ಅಂಗೈಗಿಂತ ಚಿಕ್ಕ ಸ್ಪೀಕರ್ ಅದನ್ನು ಪೂರ್ತಿಯಾಗಿ ನುಡಿಯಲಾರದು. ಮೇಲಿನ ಹಾರ್ಮೋನಿಕ್‌ಗಳನ್ನು, ಅಂದರೆ ಮೂಲ ಸ್ವರದ ಗುಣಕಗಳಾದ ಸ್ವರಗಳನ್ನು, ಕೇಳಿ ನಮ್ಮ ಕಿವಿಯೇ ಕೆಳಗಿನದನ್ನು ತುಂಬಿಕೊಳ್ಳುತ್ತದೆ. ಎರಡನೆಯ ಬಗೆಯಲ್ಲಿ ತಂತಿಯನ್ನು ಅಂಗೈಯಿಂದ ಒತ್ತಿ ಮೀಟಿದಾಗ ಬರುವ ಗುಮ್ಮೆನ್ನುವ ಪೆಟ್ಟು ಮೈಗೆ ತಟ್ಟುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ, ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್‌ನಿಂದಾಚೆಗೆ ಬೇಗ ಇಳಿದುಹೋಗುವುದರಿಂದ ಹಾಡು ಕೇಳುವಾಗ ಮಂಕಾಗಿರುತ್ತದೆ, ಮತ್ತು ಒಳಗಿನ ಮಾದರಿ ಯಾವುದೇ ಇರಲಿ, ಎಲ್ಲದರ ಮೇಲೂ ಅದೇ ಸ್ಪೀಕರ್‌ನ ಛಾಪು ಬೀಳುತ್ತದೆ. ನನಗೆ ಮಾದರಿಗಳ ವೈವಿಧ್ಯಕ್ಕಿಂತ ಆ ಪೆಟ್ಟೇ ಹೆಚ್ಚು ಬೇಕಿತ್ತು.

ಪರೀಕ್ಷಿಸಲು ಹೋಗುವಾಗ ನಾನು ನನ್ನ ಗಿಟಾರ್, ನನ್ನ ಕೇಬಲ್, ನನ್ನ ಹೆಡ್‌ಫೋನ್ ಮೂರನ್ನೂ ಒಯ್ಯುತ್ತಿದ್ದೆ. ಅಂಗಡಿಯ ದುಬಾರಿ ಗಿಟಾರ್‌ನಲ್ಲಿ ಚೆನ್ನಾಗಿ ಕೇಳಿದ್ದು ಮನೆಯ ಗಿಟಾರ್‌ನಲ್ಲೂ ಹಾಗೆಯೇ ಕೇಳಬೇಕೆಂದೇನಿಲ್ಲ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ನ ತೆಳು ಸಂಕೇತಕ್ಕೂ ಎರಡು ಸುರುಳಿಗಳ ಹಂಬಕರ್‌ನ ದಪ್ಪ ಸಂಕೇತಕ್ಕೂ ಒಂದೇ ಸೆಟ್ಟಿಂಗ್ ಬೇರೆಯಾಗಿಯೇ ಉತ್ತರಿಸುತ್ತದೆ. ಕೂತ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಎಲ್ಲ ಎಫೆಕ್ಟ್‌ಗಳನ್ನು ಆಫ್ ಮಾಡಿ, ಬೇಸ್, ಮಿಡಲ್, ಟ್ರೆಬಲ್ ಮೂರನ್ನೂ ನಡುಮಟ್ಟಕ್ಕೆ ತರುವುದು. ಕಂಪನಿಯವರು ತುಂಬಿಸಿಟ್ಟ ಪ್ರೀಸೆಟ್‌ಗಳು ಮೊದಲ ಅರೆ ನಿಮಿಷದಲ್ಲಿ ಮನಸ್ಸು ಗೆಲ್ಲಲೆಂದು ಮಾಡಿದವು. ಅವುಗಳಲ್ಲಿ ರಿವರ್ಬ್ ಎಷ್ಟು ಧಾರಾಳವಾಗಿರುತ್ತದೆಂದರೆ ಕೆಳಗಿರುವ ಆಂಪ್‌ನ ನಿಜವಾದ ದನಿ ಕೇಳಿಸುವುದೇ ಇಲ್ಲ.

ಆಮೇಲಿನ ಪರೀಕ್ಷೆಗಳಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಶುದ್ಧ ದನಿ ಮುಗಿದು ಒಡಕು ಶುರುವಾಗುವ ಗಡಿಯಲ್ಲಿ. ಪೂರ್ತಿ ಕ್ಲೀನ್ ದನಿಯನ್ನೂ ಪೂರ್ತಿ ಡಿಸ್ಟಾರ್ಷನ್ ಅನ್ನೂ ಅಗ್ಗದ ಆಂಪ್‌ಗಳು ಹೇಗೋ ನಿಭಾಯಿಸುತ್ತವೆ. ಕಷ್ಟವಿರುವುದು ನಡುವಿನ ಆ ತೆಳುವಾದ ಪ್ರದೇಶದಲ್ಲಿ, ಮೃದುವಾಗಿ ಮೀಟಿದರೆ ಸ್ವಚ್ಛವಾಗಿಯೂ ಗಟ್ಟಿಯಾಗಿ ಮೀಟಿದರೆ ತುಸು ಗೊಗ್ಗರಾಗಿಯೂ ಬರಬೇಕಾದ ಜಾಗದಲ್ಲಿ. ಕ್ರಂಚ್ ಎಂಬ ತುಸು ಒಡಕಿನ ದನಿಯನ್ನು ಹಚ್ಚಿ, ಗಿಟಾರ್‌ನಲ್ಲಿರುವ ವಾಲ್ಯೂಮ್ ನಾಬನ್ನು 10ರಿಂದ ನಿಧಾನವಾಗಿ 4ರವರೆಗೆ ಇಳಿಸುತ್ತ ಒಂದೇ ಸ್ವರಮೇಳವನ್ನು ಮತ್ತೆ ಮತ್ತೆ ಮೀಟುತ್ತಿದ್ದೆ. ಒಳ್ಳೆಯ ಮಾದರಿಯಲ್ಲಿ ಒಡಕು ಹಂತಹಂತವಾಗಿ ಕರಗಿ, ಕೊನೆಗೆ ಆರು ತಂತಿಗಳೂ ಬಿಡಿಬಿಡಿಯಾಗಿ ಕೇಳುತ್ತವೆ. ಕಳಪೆಯದರಲ್ಲಿ ಒಡಕು ಹಾಗೆಯೇ ಉಳಿದು ಸದ್ದು ಮಾತ್ರ ಇಳಿಯುತ್ತದೆ, ಇಲ್ಲವೇ ಒಂದು ಬಿಂದುವಿನಲ್ಲಿ ಸ್ವಿಚ್ ಆರಿಸಿದಂತೆ ತಟ್ಟನೆ ಮಾಯವಾಗುತ್ತದೆ. ಬೆಲೆಪಟ್ಟಿಯಲ್ಲಾಗಲಿ ಪೆಟ್ಟಿಗೆಯ ಮೇಲಾಗಲಿ ಕಾಣದ ಈ ಗುಣವೇ ನನ್ನ ನಿರ್ಧಾರದ ಮುಕ್ಕಾಲು ಪಾಲು.

ಇನ್ನೊಂದು ಪರೀಕ್ಷೆ ಗೇನ್ (ಒಡಕಿನ ಪ್ರಮಾಣ ನಿರ್ಧರಿಸುವ ನಾಬ್) ಪೂರ್ತಿ ಏರಿಸಿ ಮಾಡುವಂಥದ್ದು. ತೆಳು ತಂತಿಯ ಮೇಲಿನ ಮನೆಗಳಲ್ಲಿ ಒಂದು ಸ್ವರ ಹಿಡಿದು, ತಂತಿಯನ್ನು ನಿಧಾನವಾಗಿ ಎಳೆದು ಸ್ವರವನ್ನು ಏರಿಸಬೇಕು. ಡಿಸ್ಟಾರ್ಷನ್ ಹುಟ್ಟಿಸುವ ಹಾರ್ಮೋನಿಕ್‌ಗಳು ಆಂಪ್ ಸಂಕೇತವನ್ನು ಸೆಕೆಂಡಿಗೆ ಅಳೆಯುವ ಸಲಗಳ ಅರ್ಧವನ್ನು ಮೀರಿದರೆ ಅವು ಮಡಚಿಕೊಂಡು ಕೆಳಗೆ ಬೀಳುತ್ತವೆ. ಇದನ್ನು ತಡೆಯಲು ಆಂಪ್‌ನ ಲೆಕ್ಕಾಚಾರದಲ್ಲಿ ಸಾಕಷ್ಟು ಎಚ್ಚರ ವಹಿಸಿಲ್ಲದಿದ್ದರೆ, ಸ್ವರ ಮೇಲೇರುವಾಗ ಅದರ ಹಿಂದೆ ಸಣ್ಣದೊಂದು ಸಿಳ್ಳು ಕೆಳಗಿಳಿಯುತ್ತಿರುವುದು ಕೇಳುತ್ತದೆ. ಒಮ್ಮೆ ಕಿವಿಗೆ ಬಿದ್ದ ಮೇಲೆ ಅದನ್ನು ಮರೆಯಲಾಗದು. ಹಾಗೆಯೇ ಒಂದು ಸ್ವರವನ್ನು ಮೀಟಿ, ಅದು ತಾನಾಗಿ ಸಾಯುವವರೆಗೂ ಕೈ ಆಡಿಸದೆ ಕಾಯುತ್ತಿದ್ದೆ. ಸ್ವರ ಕ್ಷೀಣಿಸಿದಾಗ ಹಿನ್ನೆಲೆಯ ಸದ್ದನ್ನು ಮುಚ್ಚುವ ನಾಯ್ಸ್ ಗೇಟ್ ಒರಟಾಗಿದ್ದರೆ ಬಾಲವನ್ನು ಕತ್ತರಿಸಿ ಹಾಕುತ್ತದೆ. ಮಾದರಿ ಒರಟಾಗಿದ್ದರೆ ಕೊನೆಯಲ್ಲಿ ಮರಳು ಉಜ್ಜಿದಂಥ ಕರಕರ ಉಳಿಯುತ್ತದೆ.

ರಾತ್ರಿ ಅಭ್ಯಾಸ ಮಾಡುವವರಿಗೆ ಹೆಡ್‌ಫೋನ್ ಕಿಂಡಿ ಸ್ಪೀಕರ್‌ನಷ್ಟೇ ಮುಖ್ಯ. ಸ್ಪೀಕರ್ ಪೆಟ್ಟಿಗೆಯ ಗುಣವನ್ನು ಅನುಕರಿಸದೆ ಸಂಕೇತವನ್ನು ನೇರವಾಗಿ ಹೊರಗೆ ಬಿಡುವ ಆಂಪ್‌ನಲ್ಲಿ ಡಿಸ್ಟಾರ್ಷನ್ ದನಿ ಹೆಡ್‌ಫೋನ್‌ಗೆ ಕೀಟದ ಝೇಂಕಾರದಂತೆ ಬರುತ್ತದೆ. ಈ ಅನುಕರಣೆ, ಅಂದರೆ ಕ್ಯಾಬಿನೆಟ್ ಸಿಮ್ಯುಲೇಷನ್, ಇದೆಯೇ ಎಂದು ಕೇಳುವುದಕ್ಕಿಂತ ಹೆಡ್‌ಫೋನ್ ಚುಚ್ಚಿ ಕೇಳಿಬಿಡುವುದು ಒಳ್ಳೆಯದು. ಬ್ಲೂಟೂತ್ ಬಗ್ಗೆ ಒಂದು ಮಾತು: ಮೊಬೈಲ್‌ನಿಂದ ಹಾಡು ಕಳಿಸಿ ಅದರ ಜತೆ ನುಡಿಸಲು ಅದು ಅನುಕೂಲ, ಆದರೆ ಗಿಟಾರ್‌ನ ಸದ್ದನ್ನೇ ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಕೇಳಲು ಹೋಗಬಾರದು. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ; ಎರಡು ಮೀಟರ್ ದೂರದ ಆಂಪ್ ಕೇಳುವವರು 6 ಮಿಲಿಸೆಕೆಂಡ್ ವಿಳಂಬವನ್ನು ಗಮನಿಸುವುದೇ ಇಲ್ಲ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಅದು 100 ಮಿಲಿಸೆಕೆಂಡ್ ದಾಟುವುದು ಮಾಮೂಲು, ಅಂದರೆ 34 ಮೀಟರ್ ದೂರದಲ್ಲಿ ನಿಂತು ನುಡಿಸಿದಂತೆ. ತಾಳ ಕಲಿಯುವ ಕೈಗೆ ಇದು ಕೆಡುಕನ್ನೇ ಮಾಡುತ್ತದೆ. ಹೆಡ್‌ಫೋನ್‌ಗೆ ವೈರ್ ಇರಲೇಬೇಕು.

ಆಂಪನ್ನು ಮೊಬೈಲ್‌ನಿಂದ ನಿಯಂತ್ರಿಸುವ ಆ್ಯಪ್ ಬಗ್ಗೆಯೂ ನನಗೆ ಖಚಿತವಾದ ಅಭಿಪ್ರಾಯವಿದೆ. ಗೇನ್, ವಾಲ್ಯೂಮ್, ಮೂರು ಟೋನ್ ನಾಬ್‌ಗಳು, ರಿವರ್ಬ್ ಇಷ್ಟಾದರೂ ಆಂಪ್‌ನ ಮೈಮೇಲೇ ಇರಬೇಕು. ಆಂಪ್ ಹತ್ತಾರು ವರ್ಷ ಬಾಳುತ್ತದೆ, ಮೊಬೈಲ್ ಬದಲಾಗುತ್ತಿರುತ್ತದೆ. ಮುಂದೊಂದು ದಿನ ಆ್ಯಪ್ ನಿಂತುಹೋದರೂ ಆಂಪ್ ಪೂರ್ತಿ ಉಪಯೋಗಕ್ಕೆ ಬರುವಂತಿರಬೇಕು. ಅದಕ್ಕಿಂತ ಮುಖ್ಯವಾಗಿ, ಗಿಟಾರ್ ಹೆಗಲಲ್ಲಿರುವಾಗ ಪರದೆಯ ಮೇಲೆ ಬೆರಳಾಡಿಸಲು ಶುರುಮಾಡಿದರೆ ಅಭ್ಯಾಸದ ಅರ್ಧ ಗಂಟೆ ಅದರಲ್ಲೇ ಕಳೆದುಹೋಗುತ್ತದೆ.

ಇಷ್ಟೆಲ್ಲ ನೋಡಿ ನಾನು ಆರಿಸಿಕೊಂಡದ್ದು ಬಾಸ್ ಕಟಾನಾ 50ರ ಎರಡನೆಯ ತಲೆಮಾರಿನ, ಅಂದರೆ 2019ರಲ್ಲಿ ಬಂದ ಮಾದರಿಯನ್ನು. ಅಕೂಸ್ಟಿಕ್, ಕ್ಲೀನ್, ಕ್ರಂಚ್, ಲೀಡ್, ಬ್ರೌನ್ ಎಂದು ನಾಬ್ ಮೇಲಿರುವುದು ಐದೇ ದನಿ. ಪಟ್ಟಿ ಉದ್ದವಿಲ್ಲದಿರುವುದು ನನಗೆ ಗುಣವಾಗಿಯೇ ಕಂಡಿತು. ಶಕ್ತಿಯನ್ನು 50, 25, ಅರ್ಧ ವ್ಯಾಟ್ ಎಂದು ಇಳಿಸುವ ಸ್ವಿಚ್ ಇದೆ; ಅರ್ಧ ವ್ಯಾಟ್‌ಗೆ ಇಟ್ಟರೆ ನಾಬ್‌ಗೆ ತಿರುಗಲು ಜಾಗ ಸಿಕ್ಕಿ ರಾತ್ರಿಯ ಮಟ್ಟವನ್ನು ಸೂಕ್ಷ್ಮವಾಗಿ ಹಿಡಿಯಬಹುದು. ಕ್ರಂಚ್ ದನಿ ಗಿಟಾರ್‌ನ ವಾಲ್ಯೂಮ್ ನಾಬ್‌ಗೆ ನಾನು ಬಯಸಿದಂತೆ ಉತ್ತರಿಸಿತು. ಬಿಟ್ಟುಕೊಟ್ಟದ್ದೂ ಇದೆ: ಅದರಲ್ಲಿ ಬ್ಲೂಟೂತ್ ಇಲ್ಲ, ಮೇಜಿನ ಮೇಲಿಡುವ ಗಾತ್ರದ್ದೂ ಅಲ್ಲ. ಜಾಗ ಇಕ್ಕಟ್ಟಾಗಿರುವವರಿಗೆ, ಹಾಡು ಕೇಳಲೂ ಅದೇ ಪೆಟ್ಟಿಗೆ ಬೇಕೆನ್ನುವವರಿಗೆ ನಾನು ಸ್ಟೀರಿಯೋ ಬಗೆಯನ್ನೇ ಹೇಳುತ್ತೇನೆ. ಸದ್ದೇ ಮಾಡುವಂತಿಲ್ಲದ ಮನೆಯಾದರೆ ಫೆಂಡರ್ ಮಸ್ಟಾಂಗ್ ಮೈಕ್ರೋದಂತೆ ಗಿಟಾರ್‌ಗೇ ಚುಚ್ಚುವ ಹೆಡ್‌ಫೋನ್ ಆಂಪ್ ಸಾಕು.

ಮನೆಗೆ ತಂದ ಮೇಲೆ ದನಿ ಹದಗೊಂಡದ್ದು ಇಟ್ಟ ಜಾಗದಿಂದ. ಸ್ಪೀಕರ್‌ನ ಟ್ರೆಬಲ್ ಕಿರಿದಾದ ಕಿರಣದಂತೆ ನೇರವಾಗಿ ಹೋಗುತ್ತದೆ. ನೆಲದ ಮೇಲಿದ್ದರೆ ಅದು ಮೊಣಕಾಲಿಗೆ ಬಡಿಯುತ್ತದೆ, ಕಿವಿಗೆ ಮಂಕು ದನಿ ಮಾತ್ರ ಬರುತ್ತದೆ. ಆಗ ಟ್ರೆಬಲ್ ಏರಿಸಿದರೆ ಎದುರು ಕೂತವರಿಗೆ ಕಿವಿ ಚುಚ್ಚುತ್ತದೆ. ಸ್ಟೂಲಿನ ಮೇಲಿಟ್ಟು ಸ್ವಲ್ಪ ಹಿಂದಕ್ಕೆ ವಾಲಿಸಿ, ಗೋಡೆಯ ಮೂಲೆಯಿಂದ ಈಚೆಗೆ ತಂದೆ, ಏಕೆಂದರೆ ಮೂಲೆ ಬೇಸನ್ನು ಉಬ್ಬಿಸುತ್ತದೆ. ಪ್ರೀಸೆಟ್‌ಗಳನ್ನು ಹಗಲಿಗೂ ರಾತ್ರಿಗೂ ಬೇರೆ ಬೇರೆ ಉಳಿಸಿಕೊಂಡಿದ್ದೇನೆ. ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿಗೆ ಬೇಸ್ ಮತ್ತು ತೀರ ಮೇಲಿನ ಟ್ರೆಬಲ್ ಮಂದವಾಗಿ ಕೇಳುತ್ತವೆ. ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಇದನ್ನು ಅಳೆದು ತೋರಿಸಿದರು. ರಾತ್ರಿ ಬೇಸ್ ಏರಿಸಿ ಹದಮಾಡಿದ ದನಿಯನ್ನು ಹಗಲಲ್ಲಿ ಹಾಗೆಯೇ ಗಟ್ಟಿ ಮಾಡಿದರೆ ಅದು ಗುಂಯ್‌ಗುಟ್ಟುತ್ತದೆ.

ಹೊಸದರ ಬೆಲೆ ಭಾರವೆನಿಸುವವರು ಬಳಸಿದ್ದನ್ನು ಧೈರ್ಯವಾಗಿ ನೋಡಬಹುದು, ಬದಲಿಸಬೇಕಾದ ವಾಲ್ವ್‌ಗಳು ಇವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಪ್ರತಿಯೊಂದು ನಾಬನ್ನೂ ಸದ್ದಿರುವಾಗ ತುದಿಯಿಂದ ತುದಿಗೆ ತಿರುಗಿಸಿ ಕರಕರ ಬರುವುದೇ ಎಂದು ಕೇಳಬೇಕು, ಕೇಬಲ್ ಚುಚ್ಚಿ ಮೆಲ್ಲಗೆ ಅಲುಗಿಸಿ ಕಿಂಡಿ ಸಡಿಲವಾಗಿದೆಯೇ ಎಂದು ನೋಡಬೇಕು, ಹೆಡ್‌ಫೋನ್ ಹಾಕಿದಾಗ ಸ್ಪೀಕರ್ ನಿಲ್ಲುವುದೇ ಎಂದು ಪರೀಕ್ಷಿಸಬೇಕು. ಹೊರಗಿನ ಅಡಾಪ್ಟರ್‌ನಿಂದ ಓಡುವ ಆಂಪ್ ಆದರೆ ಅದರ ಮೂಲ ಅಡಾಪ್ಟರನ್ನೇ ಕೇಳಿ ಪಡೆಯುವುದು ಕ್ಷೇಮ. ಬೇರೆಯದು ಕೊಟ್ಟರೆ ವೋಲ್ಟೇಜ್, ಆಂಪಿಯರ್ ಮತ್ತು ಪಿನ್ನಿನ ಪ್ಲಸ್-ಮೈನಸ್ ಮೂರನ್ನೂ ಆಂಪ್‌ನ ಹಿಂಬದಿಯಲ್ಲಿ ಬರೆದಿರುವುದರೊಂದಿಗೆ ತಾಳೆ ನೋಡಿದ ಮೇಲೆಯೇ ಚುಚ್ಚಬೇಕು.