ಪ್ರೂಫಿಗೆ ಯಾರು ಕಾಣಿಕೆ ಕೊಡ್ತಾರ್ರೀ?

ನಮ್ಮ ಸಭೆಯ, ಅಂದರೆ ಚರ್ಚಿನ, ಗೋಡೆಗೆ ಬಣ್ಣ ಹಚ್ಚಬೇಕು ಅಂದರೆ ಒಂದೇ ಭಾನುವಾರದಲ್ಲಿ ರೊಕ್ಕ ಕೂಡುತ್ತದೆ. ಗಂಟೆ, ಕುರ್ಚಿ, ಸ್ಪೀಕರ್ ಸೆಟ್ಟಿಗೂ ಅಷ್ಟೇ. ‘ಇಂಥವರ ಸ್ಮರಣಾರ್ಥ’ ಅಂತ ಬರೆಸಲು ಅವುಗಳಲ್ಲಿ ಜಾಗ ಇರುತ್ತದಲ್ಲ! ಪುಸ್ತಕಕ್ಕೆ ಕೇಳಿದರೆ ಮಾತ್ರ ಎಲ್ಲರೂ ಗಡಿಯಾರ ನೋಡುತ್ತಾರೆ.

ನಾನು ಗುಳೇದಗುಡ್ಡದವ. ಬಾಗಲಕೋಟೆಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಕನ್ನಡದಲ್ಲಿ ಕ್ರೈಸ್ತ ದೈವಶಾಸ್ತ್ರದ ಪುಸ್ತಕ ತರುವ, ಹಳ್ಳಿಯ ಸಭೆಗಳಲ್ಲಿ ಬೋಧಿಸುವ ಉಪದೇಶಕರಿಗೆ ಪಾಠ ನಡೆಸುವ ಒಂದು ಸಣ್ಣ ಟ್ರಸ್ಟಿಗೆ ನಮ್ಮ ಭಾಗದಿಂದ ಕಾಣಿಕೆ ಎತ್ತಿಕೊಡುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ.

ಮೊದಲು ನಾನು ಮಾಡಿದ್ದು ಖರ್ಚನ್ನು ಬಿಡಿಸಿ ಹೇಳಿದ್ದು. ‘ಸಾಹಿತ್ಯ ಸೇವೆಗೆ ಸಹಾಯ ಮಾಡಿ’ ಅಂದರೆ ಯಾರ ಕೈಯೂ ಜೇಬಿಗೆ ಇಳಿಯುವುದಿಲ್ಲ. ಡೆಮಿ 1/8 (ಡೆಮಿ ಅನ್ನುವ ದೊಡ್ಡ ಹಾಳೆಯ ಎಂಟನೇ ಒಂದು) ಅಳತೆಯ 160 ಪುಟದ ಪುಸ್ತಕ ಅಂದರೆ 16 ಪುಟದ 10 ಫಾರಂ, ಅಂದರೆ ಮಡಚಿದ 10 ಹಾಳೆ. ಪುಸ್ತಕದ ಒಂದು ಪ್ರತಿಗೆ ಫಾರಂಗೊಂದು ಡೆಮಿ ಹಾಳೆ ಬೇಕು. 1000 ಪ್ರತಿ ಹಾಕಿಸಿದರೆ ಒಂದು ಫಾರಂಗೆ 500 ಹಾಳೆಯ 2 ರೀಮು, ಇಡೀ ಪುಸ್ತಕಕ್ಕೆ 20 ರೀಮು, ಮಷೀನಿನಲ್ಲಿ ಹಾಳಾಗುವ ಹಾಳೆ ಬೇರೆ. ‘ಎರಡು ರೀಮು ಕಾಗದ ನಿಮ್ಮದು’ ಅಂದಾಗ ಅದೇ ಜನ ಸಲೀಸಾಗಿ ಕೊಟ್ಟರು. ಸಭೆಯ ಸುಗ್ಗಿ ಹಬ್ಬದಲ್ಲಿ ಕಾಣಿಕೆಯ ಬೆಳೆ ಹರಾಜು ಹಾಕುವಾಗ ಒಂದು ಜೋಳದ ಚೀಲವನ್ನು ಕಾಗದದ ಹೆಸರಿಗೇ ಎತ್ತಿಟ್ಟರು. ಕೂಗು ಏರಿದ್ದು ನೋಡಿದರೆ ಆ ಜೋಳದ ರೊಟ್ಟಿಗೆ ಚಿನ್ನದ ಬೆಲೆ ಬಿತ್ತು.

ಕಾಗದ ಆಯಿತು, ಮುದ್ರಣವೂ ಆಯಿತು. ಅನುವಾದ, ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದು), ಪ್ರೂಫ್ (ಅಚ್ಚಿಗೆ ಮೊದಲು ಓದಿ ತಪ್ಪು ತಿದ್ದುವುದು) ಈ ಮೂರಕ್ಕೆ ಮಾತ್ರ ದಾನಿಗಳಿಲ್ಲ. ಕಮಿಟಿಯ ಹಿರಿಯರೊಬ್ಬರು ನೇರವಾಗಿಯೇ ಕೇಳಿದರು: “ಪ್ರೂಫಿಗೆ ಯಾರು ಕಾಣಿಕೆ ಕೊಡ್ತಾರ್ರೀ? ನಮ್ಮ ಹುಡುಗ್ರು ಕನ್ನಡಾ ಸಾಲೀ ಕಲ್ತಾರ, ಓದಿ ತಿದ್ದಿ ಕೊಡ್ತಾರ ತಗೋರಿ.”

ಬಾಯಲ್ಲಿ ಉತ್ತರ ಕೊಡಲಿಲ್ಲ. ಮುಂದಿನ ಕೂಟಕ್ಕೆ ಒಂದು ಪ್ರೂಫ್ ಹಾಳೆ ಒಯ್ದೆ. ‘ನುಡಿ’ ತಂತ್ರಾಂಶದಲ್ಲಿ ಟೈಪಾಗಿದ್ದ ಹಳೆಯ ಫೈಲನ್ನು ಈಗಿನ ಯೂನಿಕೋಡ್ ಅಕ್ಷರಕ್ಕೆ ತಿರುಗಿಸುವಾಗ ಅರ್ಕಾವತ್ತುಗಳು ಉದುರಿಹೋಗಿದ್ದವು. ‘ಕರ್ತನು’ ಇದ್ದಲ್ಲೆಲ್ಲ ‘ಕತನು’, ‘ಧರ್ಮ’ ಹೋಗಿ ‘ಧಮ’. ಅದರ ಮೇಲೆ ವಚನಗಳ ಅಂಕಿ ಅದಲು ಬದಲು. ಒಂದೊಂದು ಅಂಕಿಯನ್ನೂ ಬೈಬಲ್ ತೆರೆದು ತಾಳೆ ನೋಡಬೇಕು, ಮೂಲದ ಜೊತೆಗೆ ಅನುವಾದವನ್ನೂ ಸಾಲು ಸಾಲಾಗಿ ಓದಬೇಕು. ಕೆಂಪು ಶಾಯಿಯಿಂದ ತುಂಬಿದ ಆ ಹಾಳೆ ಕೈಯಿಂದ ಕೈಗೆ ಹೋಯಿತು. ಮಗ್ಗದ ಮನೆಯ ಒಬ್ಬ ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿ ಅಂದಳು: “ಹಾಸಿನ ಎಳಿ ಜೋಡ್ಸೋರಿಗೆ ಕೂಲಿ ಕೊಡದ ಮಗ್ಗಾ ನಡಸ್ತೀನಿ ಅಂದ್ರ ನಡೀತೈತೇನ್ ತಮ್ಮಾ? ಆ ಕೆಲಸಾನೂ ಖಣದಾಗ ಕಾಣೂದಿಲ್ಲ.” ರವಿಕೆಯ ಬಟ್ಟೆಯಾದ ಖಣವನ್ನು ನೇಯುವ ಊರಿನಲ್ಲಿ ಇದಕ್ಕಿಂತ ಹೆಚ್ಚು ಹೇಳುವುದು ಬೇಕಿರಲಿಲ್ಲ. ಅವತ್ತಿನಿಂದ ನಮ್ಮ ಕಾಣಿಕೆಯಲ್ಲಿ ಮೊದಲ ಪಾಲು ಅನುವಾದ, ಪ್ರೂಫಿಗೆ. ಉಳಿದದ್ದು ಕಾಗದಕ್ಕೆ. ಕಾಗದಕ್ಕೆ ಕಡಿಮೆ ಬಿದ್ದರೆ ಕೊಡುವವರು ಹೇಗೂ ಸಿಗುತ್ತಾರೆ.

ಇನ್ನು ವಸೂಲಿಯ ಕ್ರಮ. ನಮ್ಮ ಕಡೆ ಅಂಗಡಿಕಾರರು, ನೇಕಾರರು ಪಿಗ್ಮಿ ಕಟ್ಟಿ ರೂಢಿಯಾದವರು. ವರ್ಷಕ್ಕೊಮ್ಮೆ ಸಾವಿರ ಕೊಡು ಅಂದರೆ ಭಾರ, ವಾರಕ್ಕೆ ಇಪ್ಪತ್ತು ಅಂದರೆ ಗೊತ್ತೇ ಆಗುವುದಿಲ್ಲ. ಪಿಗ್ಮಿಯಂಥದೇ ಒಂದು ಕಾರ್ಡ್ ಮಾಡಿಸಿದೆ. ಸಭೆಯ ಹೆಂಗಸರ ಸಂಘವಾದ ಸ್ತ್ರೀಯರ ಅನ್ಯೋನ್ಯ ಕೂಟದವರು ವಾರವಾರ ಸಹಿ ಹಾಕಿ ಎತ್ತುತ್ತಾರೆ. ಗಂಡಸರಿಗೆ ಒಪ್ಪಿಸಿದ್ದರೆ ಎರಡನೇ ತಿಂಗಳಿಗೇ ಕಾರ್ಡು ಕಳೆದಿರುತ್ತಿತ್ತು ಅನ್ನುವುದು ನನ್ನ ಅಂದಾಜು. ಹೀಗೆ ವಾರವಾರ ಎತ್ತುವುದು ಹೊಸದೂ ಅಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟ ಹಾಕಿದರು, 1851ರಲ್ಲಿ ನಮ್ಮ ಗುಳೇದಗುಡ್ಡಕ್ಕೆ ಬಂದರು. ಅವರ ಹಿಂದೆ ಸ್ವಿಟ್ಜರ್ಲೆಂಡ್, ಜರ್ಮನಿಯ ಬಡವರೂ ಇದ್ದರು. 19ನೇ ಶತಮಾನದ ನಡುವೆ ಅಲ್ಲಿ ‘ಅರ್ಧ ಬಾಟ್ಸನ್ ಕಾಣಿಕೆ’ ಶುರುವಾಯಿತು; ಬಾಟ್ಸನ್ ಅಂದರೆ ಅಲ್ಲಿಯ ಚಿಲ್ಲರೆ ನಾಣ್ಯ. ಮನೆಮನೆಯಿಂದ ವಾರಕ್ಕೊಮ್ಮೆ ಅದರ ಅರ್ಧ. ಇದನ್ನು ಕೂಟದಲ್ಲಿ ಹೇಳಿದ ಮೇಲೆ ಇಪ್ಪತ್ತು ರೂಪಾಯಿ ಕೊಡಲು ನಾಚುತ್ತಿದ್ದವರೂ ಕಾರ್ಡು ಕೇಳಿ ಪಡೆದರು.

ರೈತರಿಗೆ ವಾರದ ಲೆಕ್ಕ ಒಗ್ಗುವುದಿಲ್ಲ. ಮುಧೋಳ, ಜಮಖಂಡಿ ಕಡೆಯವರ ಹತ್ತಿರ ಕಬ್ಬಿನ ಬಿಲ್ ಆದ ಮೇಲೆಯೇ ಹೋಗಬೇಕು. ಬಿಲ್ ತಡವಾದ ವರ್ಷ ನಾನು ಆ ದಾರಿಗೇ ಹೋಗುವುದಿಲ್ಲ.

ಉಪದೇಶಕರ ಓದಿನ ಕಥೆ ಬೇರೆ. ಮಂಗಳೂರಿನ ಕರ್ನಾಟಕ ಥಿಯಾಲಜಿಕಲ್ ಕಾಲೇಜಿಗೆ ಹೋಗಿ ವರ್ಷಗಟ್ಟಲೆ ಇದ್ದು ಓದುವುದು ಅಯ್ಯನವರು, ಅಂದರೆ ಪಾದ್ರಿ, ಆಗುವವರಿಗೆ. ಹಗಲು ಹೊಲ, ಭಾನುವಾರ ಪ್ರಸಂಗ ಅನ್ನುವವರಿಗೆ ಪಾಠವೇ ಊರಿಗೆ ಬರಬೇಕು. ಮನೆಯಲ್ಲಿ ಪುಸ್ತಕ ಓದಿ, ಗೊತ್ತುಮಾಡಿದ ದಿನ ಒಟ್ಟಿಗೆ ಕೂತು ಚರ್ಚಿಸುವ ಈ ವಿಸ್ತರಣಾ ಪದ್ಧತಿ 1963ರಲ್ಲಿ ಗ್ವಾಟೆಮಾಲಾದಲ್ಲಿ ಹುಟ್ಟಿದ್ದೂ ಇಂಥವರಿಗಾಗಿಯೇ. ಇದಕ್ಕೆ ನಾವು ಪೂರ್ತಿ ಫೀ ಕಟ್ಟುವುದಿಲ್ಲ. ಅರ್ಧ ಅವರದು, ಅರ್ಧ ಕಾಣಿಕೆಯದು. ಪುಸ್ತಕವನ್ನೂ ಪುಕ್ಕಟೆ ಹಂಚುವುದಿಲ್ಲ, ಅರ್ಧ ಬೆಲೆಗೆ ಕೊಡುತ್ತೇವೆ. ಪುಕ್ಕಟೆ ಬಂದ ಪುಸ್ತಕ ಯಾವ ಕಪಾಟಿನಲ್ಲಿ ಧೂಳು ತಿನ್ನುತ್ತದೆ ಅನ್ನುವುದು ಸಭೆಯ ಬೀಗ ತೆಗೆಯುವವರಿಗೆಲ್ಲ ಗೊತ್ತು. ಈ ವಿಷಯದಲ್ಲಿ ನನ್ನ ಮೇಲೆ ಸಿಟ್ಟಾದವರಿದ್ದಾರೆ, ಆಗಲಿ.

ಲೆಕ್ಕದ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಿಗುಟು. ಕ್ಯೂಆರ್ ಕೋಡ್ ಟ್ರಸ್ಟಿನ ಖಾತೆಯದೇ ಇರಬೇಕು, ನನ್ನ ಫೋನಿಗೆ ಒಂದು ರೂಪಾಯಿಯೂ ಬರಬಾರದು. ‘80ಜಿ ರಸೀದಿ ಕೊಡ್ತೀರೇನ್ರಿ’ ಅಂತ ನೌಕರದಾರರು ಕೇಳುತ್ತಾರೆ, ಕಾಣಿಕೆಯ ಮೇಲೆ ಆದಾಯ ತೆರಿಗೆ ರಿಯಾಯಿತಿ ಸಿಗಲಿ ಅಂತ. ಒಂದೇ ಧರ್ಮದವರ ಹಿತಕ್ಕೆಂದು ನಡೆಯುವ ಟ್ರಸ್ಟಿನ ಕಾಣಿಕೆಗೆ ಆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಯಾರಿಗೆ ಕೊಟ್ಟರೂ ಇಲ್ಲ. ಇದನ್ನು ರೊಕ್ಕ ಎಣಿಸುವ ಮೊದಲೇ ಹೇಳಿಬಿಡುತ್ತೇನೆ. ಒಂದಿಬ್ಬರು ಹಿಂದೆ ಸರಿದದ್ದೂ ಉಂಟು.

ವಿದೇಶದ ರೊಕ್ಕದಲ್ಲಿ ಇನ್ನೂ ಎಚ್ಚರ ಬೇಕು. ನಮ್ಮೂರಿನ ಇಬ್ಬರು ಹೊರದೇಶದಲ್ಲಿದ್ದಾರೆ, ಇಬ್ಬರಿಗೂ ಕೊಡುವ ಮನಸ್ಸಿದೆ. ನಾನು ಕೇಳಿದ್ದು ಒಂದೇ ಪ್ರಶ್ನೆ: ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ ಪಾಸ್‌ಪೋರ್ಟ್ ಇದ್ದವನು ತನ್ನ ಸ್ವಂತ ಗಳಿಕೆಯನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಲ್ಲಿಯ ಪೌರತ್ವ ಪಡೆದವನದು ವಿದೇಶಿ ದೇಣಿಗೆಯೇ. ಅದಕ್ಕೆ ವಿದೇಶಿ ದೇಣಿಗೆ ಕಾನೂನಾದ ಎಫ್‌ಸಿಆರ್‌ಎ ನೋಂದಣಿ ಬೇಕು, ಅದು ಟ್ರಸ್ಟಿಗಿಲ್ಲ. ಎರಡನೆಯವನಿಗೆ ಬೇಡ ಅಂದೆ. ಅವನ ತಾಯಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಈಗ ತಲೆನೋವಾಗಿರುವುದು ಸಾಗಣೆ. ಪುಸ್ತಕಗಳಿಗೆಂದೇ ಅಂಚೆಯವರ ಅಗ್ಗದ ರಿಜಿಸ್ಟರ್ಡ್ ಬುಕ್‌ಪೋಸ್ಟ್ ಇತ್ತು, 2024ರ ಡಿಸೆಂಬರ್‌ನಲ್ಲಿ ಅದು ನಿಂತಿತು. ಆಗ ಸಣ್ಣ ಪುಸ್ತಕಕ್ಕೆ ಅದರ ಬೆಲೆಯಷ್ಟೇ ಅಂಚೆ ವೆಚ್ಚ ತಗಲತೊಡಗಿತು. ಬೆಳಗಾವಿ, ವಿಜಯಪುರಕ್ಕೆ ಬಸ್ ಪಾರ್ಸಲ್‌ನಲ್ಲಿ ಕಟ್ಟು ಹಾಕಿ, ನಿಲ್ದಾಣದಿಂದ ಮುಂದಕ್ಕೆ ಆ ಕಡೆ ಹೋಗುವ ಸಭೆಯವರ ಕೈಯಲ್ಲಿ ಕಳಿಸುತ್ತಿದ್ದೇವೆ. ಪ್ರೂಫಿನಂತೆ ಇದೂ ಕಾಣದ ಖರ್ಚು. ಈ ಸಲದ ಕೂಟಕ್ಕೆ ಪಾರ್ಸಲ್ ಚೀಟಿಗಳನ್ನು ಒಯ್ಯಬೇಕು ಅಂತ ಎತ್ತಿಟ್ಟುಕೊಂಡಿದ್ದೇನೆ.